ಯಾರ ಕತೆ, ಯಾರ ಬಣ್ಣ?



ತುಮಕೂರು, ಮಂಡ್ಯದ ಕಡೆಯ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ಕಟ್ಟುವ ಕ್ರಮ ನಿಮ್ಮಲ್ಲಿ ಹಲವರಿಗೆ ಗೊತ್ತಿರುತ್ತದೆ. ಪಾತ್ರಕ್ಕೆ ಇಷ್ಟು ಅಂತ ವಂತಿಗೆ. ದುರ್ಯೋಧನ, ಕೃಷ್ಣ, ಭೀಮ ಆಗಬೇಕಾದವರು ಜಾಸ್ತಿ ಕೊಡಬೇಕು. ದ್ರೌಪದಿಯ ವೇಷಕ್ಕೆ ಊರಿನ ಹೆಣ್ಣುಮಕ್ಕಳು ಬರುವುದಿಲ್ಲ, ಪೇಟೆಯಿಂದ ಕಲಾವಿದೆಯರನ್ನು ಕರೆಸುತ್ತಾರೆ. ಯಾರು ಯಾವ ಪಾತ್ರ ಮಾಡಬೇಕು ಅನ್ನುವುದನ್ನು ಕಂಠವೊಂದೇ ತೀರ್ಮಾನಿಸುವುದಿಲ್ಲ. ಜೇಬು, ಜಾತಿ, ಮನೆತನದ ಮರ್ಯಾದೆ ಎಲ್ಲವೂ ತಾಲೀಮಿನ ಮನೆಗೆ ಬಂದು ಕೂತಿರುತ್ತವೆ. ಈ ಲೆಕ್ಕ ಕನ್ನಡ ರಂಗಭೂಮಿಯಲ್ಲಿ ಎಲ್ಲಿ ಬದಲಾಯಿತು, ಎಲ್ಲಿ ಬದಲಾಗದೆ ಉಳಿಯಿತು ಅನ್ನುವುದು ಇವತ್ತಿನ ನನ್ನ ಮಾತು.

ಗುಬ್ಬಿ ನಾಟಕ ಕಂಪನಿ ಹುಟ್ಟಿದ್ದು 1884ರಲ್ಲಿ. ಆಗಿನ ಕಂಪನಿಗಳಲ್ಲಿ ಸೀರೆ ಉಟ್ಟು ಬರುತ್ತಿದ್ದವರು ಹುಡುಗರು. ನೂರು ದಾಟಿ ಬದುಕಿದ ಏಣಗಿ ಬಾಳಪ್ಪನವರೂ ಚಿಕ್ಕಂದಿನಲ್ಲಿ ಸ್ತ್ರೀಪಾತ್ರ ಮಾಡಿ ಹೆಸರಾದವರು. ಮುಂದೆ ಬಿ. ಜಯಮ್ಮನವರಂಥ ನಟಿಯರು ಬಂದರು, ಬಂದದ್ದಕ್ಕೆ ಊರಿನ ಬಾಯಿಯನ್ನೂ ಸಹಿಸಿಕೊಂಡರು. ಹೆಣ್ಣಿನ ಪಾತ್ರವನ್ನು ಹೆಣ್ಣೇ ಮಾಡುವುದು ಇಂದು ನಮಗೆ ಸಹಜ. ಆ ಸಹಜ ಎಷ್ಟು ದುಬಾರಿಯದು ಎಂದು ಆ ತಲೆಮಾರಿನ ನಟಿಯರನ್ನೇ ಕೇಳಬೇಕಿತ್ತು.

ಬಡವರ, ಕೆಳಜಾತಿಯವರ ಕತೆ ರಂಗದ ಮೇಲೆ ಬರುವುದಕ್ಕೆ ನಮ್ಮಲ್ಲಿ ತೀರಾ ತಡವಾಗಲಿಲ್ಲ. ಕುವೆಂಪು ‘ಜಲಗಾರ’ ಬರೆದದ್ದು 1928ರಲ್ಲಿ. ಊರೆಲ್ಲ ಶಿವನ ಜಾತ್ರೆಗೆ ಹೊರಟಿರುವಾಗ ಬೀದಿ ಗುಡಿಸುವವನು ಪೊರಕೆ ಹಿಡಿದು ಕೆಲಸದಲ್ಲೇ ಇರುತ್ತಾನೆ. ಶಿವನೇ ಅವನಿದ್ದಲ್ಲಿಗೆ ಬರುತ್ತಾನೆ. ಎಂಥ ಧೈರ್ಯದ ಕಲ್ಪನೆ! ಆದರೆ ಈ ನಾಟಕವನ್ನು ನಮ್ಮ ಶಾಲೆ, ಕಾಲೇಜುಗಳ ವಾರ್ಷಿಕೋತ್ಸವಗಳಲ್ಲಿ ಆಡಿದ ಎಷ್ಟು ಜಲಗಾರರು ಜಲಗಾರರ ಕೇರಿಯಿಂದ ಬಂದಿದ್ದರು?

1975ರಲ್ಲಿ ‘ಸಮುದಾಯ’ ರಂಗತಂಡ ಹುಟ್ಟಿತು. ತುರ್ತುಪರಿಸ್ಥಿತಿಯ ವರ್ಷ ಅದು. 1977ರಲ್ಲಿ ಬಿಹಾರದ ಬೆಲ್ಚಿಯಲ್ಲಿ ದಲಿತ ಕೂಲಿಗಳ ಹತ್ಯೆಯಾದಾಗ ಸಿ.ಜಿ. ಕೃಷ್ಣಸ್ವಾಮಿಯವರು ‘ಬೆಲ್ಚಿ’ ಬೀದಿನಾಟಕ ಕಟ್ಟಿದರು. 1979ರಲ್ಲಿ ಸಮುದಾಯದ ಜಾಥಾ ಹಳ್ಳಿಗಳ ಕಡೆ ಹೊರಟಿತು. ಟಿಕೆಟ್ಟಿಲ್ಲ, ಪರದೆಯಿಲ್ಲ, ಬಸ್ ನಿಲ್ದಾಣವೇ ರಂಗ. ಅದೇ ಕೃಷ್ಣಸ್ವಾಮಿಯವರು ಮುಂದೆ ದೇವನೂರ ಮಹಾದೇವರ ‘ಒಡಲಾಳ’ವನ್ನು ರಂಗಕ್ಕೆ ತಂದರು. ಉಮಾಶ್ರೀಯವರ ಸಾಕವ್ವನನ್ನು ನೋಡಿದವರು ಇವತ್ತಿಗೂ ಮರೆತಿಲ್ಲ. ಕಳೆದುಹೋದ ಹುಂಜ ಹುಡುಕುವ ಒಬ್ಬ ದಲಿತ ಮುದುಕಿ ಕನ್ನಡ ರಂಗದ ದೊಡ್ಡ ನಾಯಕಿಯಾದಳು. ಇಷ್ಟಾದರೂ ಬಹುಪಾಲು ನಡೆದದ್ದು ಒಬ್ಬರ ಪರವಾಗಿ ಇನ್ನೊಬ್ಬರು ಮಾತಾಡುವ ಕೆಲಸವೇ. ಅದು ತಪ್ಪೆಂದು ನಾನು ಹೇಳುತ್ತಿಲ್ಲ. ಆ ಕಾಲಕ್ಕೆ ಅಷ್ಟಾದರೂ ಮಾಡಿದವರು ಕೆಲವರೇ.

ನನಗೆ ಬಹಳ ಮುಖ್ಯವಾಗಿ ಕಾಣುವ ತಿರುವು ಮಂಚೀಕೇರಿಯದು. ಉತ್ತರ ಕನ್ನಡದ ಯಲ್ಲಾಪುರದ ಹತ್ತಿರದ ಊರು. ಸುತ್ತಲಿನ ಕಾಡಿನಲ್ಲಿ ಸಿದ್ದಿಗಳಿದ್ದಾರೆ. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗುಲಾಮರಾಗಿ ಗೋವೆಗೆ ಬಂದು, ಅಲ್ಲಿಂದ ಘಟ್ಟದ ಕಾಡಿಗೆ ಸೇರಿದವರ ಸಂತತಿ. 1980ರ ದಶಕದಲ್ಲಿ ಹೆಗ್ಗೋಡಿನ ನೀನಾಸಂ ರಂಗಸಂಸ್ಥೆ ‘ಜನಸ್ಪಂದನ’ ಎಂಬ ಯೋಜನೆಯಲ್ಲಿ ಊರೂರಿಗೆ ರಂಗಶಿಬಿರ ಒಯ್ದಿತು. ಮಂಚೀಕೇರಿಯ ಶಿಬಿರದಲ್ಲಿ ನಿರ್ದೇಶಕ ಚಿದಂಬರರಾವ್ ಜಂಬೆ ಸಿದ್ದಿಗಳನ್ನೇ ನಟರಾಗಿ ಕಟ್ಟಿಕೊಂಡು ಚಿನುವ ಅಚಿಬೆಯ ‘ಥಿಂಗ್ಸ್ ಫಾಲ್ ಅಪಾರ್ಟ್’ ಕಾದಂಬರಿಯನ್ನು ರಂಗರೂಪದಲ್ಲಿ ಆಡಿಸಿದರು. ಕೂಲಿ ಮಾಡಿ ಬಂದವರು ಅದರ ನಾಯಕ ಒಕೊಂಕ್ವೊ ಆದರು, ಅವನ ಹೆಂಡಂದಿರಾದರು, ಊರ ಹಿರಿಯರಾದರು. ಸಿದ್ದಿಗಳ ಡಮಾಮಿ ಕುಣಿತದ ತಾಳ ಅವರ ಮೈಯಲ್ಲೇ ಇತ್ತು, ಯಾರೂ ಕಲಿಸಬೇಕಾಗಿರಲಿಲ್ಲ.

ಇಲ್ಲೊಂದು ತಕರಾರನ್ನೂ ಹೇಳಿಬಿಡುತ್ತೇನೆ. ಅಚಿಬೆಯ ಕತೆ ನೈಜೀರಿಯಾದ ಇಗ್ಬೊ ಜನರದ್ದು, ಆಫ್ರಿಕಾದ ಪಶ್ಚಿಮ ಭಾಗದ್ದು. ನಮ್ಮ ಸಿದ್ದಿಗಳ ಹಿರಿಯರಲ್ಲಿ ಹೆಚ್ಚಿನವರು ಬಂದದ್ದು ಪೂರ್ವದ ಕರಾವಳಿಯಿಂದ. ಆಡುವುದು ಕೊಂಕಣಿ ಬೆರೆತ ಮಾತು, ಇರುವುದು ತಲೆಮಾರುಗಳಿಂದ ಯಲ್ಲಾಪುರ, ಹಳಿಯಾಳದಲ್ಲಿ. ಮೈಬಣ್ಣ ಕಂಡೊಡನೆ ಆಫ್ರಿಕಾದ ಕತೆ ಕೈಗಿತ್ತದ್ದು ಸರಿಯೇ ಎಂದು ಕೇಳಬಹುದು, ಕೇಳಬೇಕು. ಆದರೂ ಆ ಶಿಬಿರದ ಫಲ ಅದೊಂದೇ ನಾಟಕಕ್ಕೆ ಮುಗಿಯಲಿಲ್ಲ. ಮುಂದೆ ಪ್ರಶಾಂತ್ ಸಿದ್ದಿ, ಗಿರಿಜಾ ಸಿದ್ದಿಯಂಥವರು ನೀನಾಸಂನಲ್ಲೇ ಕಲಿತು ನಟನೆಯನ್ನೇ ವೃತ್ತಿ ಮಾಡಿಕೊಂಡರು. ಅವರ ಸಮುದಾಯಕ್ಕೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ. ರಂಗ ಸರಕಾರಕ್ಕಿಂತ ಬೇಗ ಅವರ ಬಾಗಿಲಿಗೆ ಹೋಗಿತ್ತು.

ಸೆರೆಮನೆಯ ರಂಗಭೂಮಿಯದ್ದು ಬೇರೆ ಪಾಠ. ಮೈಸೂರು ರಂಗಾಯಣದ ಹುಲುಗಪ್ಪ ಕಟ್ಟೀಮನಿ 1990ರ ದಶಕದ ಕೊನೆಯಲ್ಲಿ ಬಳ್ಳಾರಿ ಜೈಲಿನಲ್ಲಿ ಕೈದಿಗಳೊಂದಿಗೆ ಕೆಲಸ ಶುರುಮಾಡಿದರು. ಆಮೇಲೆ ಮೈಸೂರಿನ ಕೈದಿಗಳು ಎಚ್.ಎಸ್. ಶಿವಪ್ರಕಾಶರ ‘ಮಾರನಾಯಕ’ ಆಡಿದರು. ಅದು ಷೇಕ್ಸ್‌ಪಿಯರನ ಮ್ಯಾಕ್‌ಬೆತ್‌ನ ಕನ್ನಡ ರೂಪ. ಜೀವಾವಧಿ ಶಿಕ್ಷೆಯವರು ಪೊಲೀಸ್ ಕಾವಲಿನಲ್ಲಿ ಹೊರಗಿನ ಸಭಾಂಗಣಕ್ಕೆ ಬಂದು, ಕೊಲೆ ಮಾಡಿ ನಿದ್ದೆ ಕಳೆದುಕೊಂಡ ದೊರೆಯಾಗಿ ನಿಂತರು. ‘ನಾನು ಕೈದಿ, ನನ್ನ ಕತೆ ಕೇಳಿ’ ಅಂತ ಅವರು ಅಲ್ಲಿ ಹೇಳಲಿಲ್ಲ. ತಮ್ಮದಲ್ಲದ ಪಾತ್ರ ಮಾಡುವ ಹಕ್ಕು, ಅಂದರೆ ನಟನ ಮೂಲ ಹಕ್ಕು, ಅವರಿಗೆ ಸಿಕ್ಕಿತು. ಪ್ರಾತಿನಿಧ್ಯದ ಚರ್ಚೆಯಲ್ಲಿ ನಾವು ಇದನ್ನು ಮರೆಯುತ್ತೇವೆ. ಸಿದ್ದಿ ನಟನಿಗೆ ಸಿದ್ದಿಯ ಪಾತ್ರವಷ್ಟೇ ಮೀಸಲು ಎಂದಾದರೆ ಅದೂ ಒಂದು ಬೇಲಿಯೇ.

ಲಿಂಗತ್ವ ಅಲ್ಪಸಂಖ್ಯಾತರ ವಿಷಯದಲ್ಲಿ ಬದಲಾವಣೆ ಇನ್ನೂ ಬೇಗ ನಡೆಯಿತು. ಟ್ರಾನ್ಸ್ ಲೇಖಕಿ ಎ. ರೇವತಿಯವರ ಆತ್ಮಕತೆಯನ್ನು ದು. ಸರಸ್ವತಿ ‘ಬದುಕು ಬಯಲು’ ಎಂದು ಕನ್ನಡಕ್ಕೆ ತಂದರು. ಎಂ. ಗಣೇಶ್ ನಿರ್ದೇಶನದಲ್ಲಿ ಹೆಗ್ಗೋಡಿನ ‘ಜನಮನದಾಟ’ ತಂಡ ಅದನ್ನು ಊರೂರಲ್ಲಿ ಆಡಿತು. ನಂತರ ರೇವತಿಯವರೇ ‘ವೆಳ್ಳೈ ಮೊಳಿ’ ಎಂಬ ತಮಿಳು ಏಕವ್ಯಕ್ತಿ ಪ್ರಯೋಗದಲ್ಲಿ ತಮ್ಮ ಬದುಕನ್ನು ತಾವೇ ಆಡಿದರು. ಬೆಂಗಳೂರಿನ ‘ಪಯಣ’ ಸಂಸ್ಥೆಯ ನಾಟಕವೊಂದರಲ್ಲಿ ಹಿರಿಯ ಟ್ರಾನ್ಸ್ ಮಹಿಳೆಯರದೇ ಅಭಿನಯ. ಇದನ್ನೆಲ್ಲ ಹೊಸತು ಅಂತ ನಾವು ಪೇಟೆಯವರು ಸಂಭ್ರಮಿಸುವಾಗ ಹೊಸಪೇಟೆ, ಬಳ್ಳಾರಿ ಸೀಮೆಯಲ್ಲಿ ಎಲ್ಲಮ್ಮನಿಗೆ ಮುಡಿಪಾದ ಟ್ರಾನ್ಸ್ ಜೋಗತಿಯರು ನಗಬಹುದು. ಎಲ್ಲಮ್ಮನ ಕತೆಯನ್ನು ಅವರು ಆಡುತ್ತ ಬಂದು ಎಷ್ಟೋ ಕಾಲವಾಯಿತು. ಅದೇ ಪರಂಪರೆಯ ಮಂಜಮ್ಮ ಜೋಗತಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು, 2021ರಲ್ಲಿ ಪದ್ಮಶ್ರೀ ಬಂತು. ಅಧ್ಯಕ್ಷರ ಕುರ್ಚಿ ನನಗೆ ಪ್ರಶಸ್ತಿಗಿಂತ ದೊಡ್ಡದಾಗಿ ಕಾಣುತ್ತದೆ.

ಈಚಿನದನ್ನೂ ಒಂದು ಹೇಳಬೇಕು. ಲಕ್ಷ್ಮಣ ಕೆ.ಪಿ. ನಿರ್ದೇಶಿಸಿದ ‘ದಕ್ಲಕಥಾ ದೇವಿಕಾವ್ಯ’. ಕೆ.ಬಿ. ಸಿದ್ದಯ್ಯನವರ ಕಾವ್ಯದಿಂದ ಹುಟ್ಟಿದ ಪ್ರಯೋಗ. ಅಸ್ಪೃಶ್ಯರಿಗೂ ಅಸ್ಪೃಶ್ಯರಾದ ದಕ್ಕಲರ ಲೋಕ ಅದರದು. ಅರೆ, ತಮಟೆ ವಾದ್ಯಗಳು ಹಿನ್ನೆಲೆಯಲ್ಲಿ ಉಳಿಯದೆ ನಾಟಕವನ್ನೇ ನಡೆಸುತ್ತವೆ. ಅಲ್ಲಿ ಕನಿಕರ ಬೇಡುವ ಸಾಲಿಗಾಗಿ ಹುಡುಕಿದರೆ ಸಿಕ್ಕುವುದಿಲ್ಲ. ಹಸಿವಿದೆ, ಹೆಂಡವಿದೆ, ಕಾಮವಿದೆ, ಹಾಡಿದೆ. ಕತೆಯ ಒಡೆತನವೂ ನಿರ್ದೇಶಕನ ಸ್ಥಾನವೂ ಒಂದೇ ಕಡೆಗೆ ಬಂದಾಗ ನಾಟಕದ ದನಿ ಹೇಗೆ ಬದಲಾಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಈಗಲೂ ಬಹಳ ಕಡೆ ಸಮುದಾಯದವರು ರಂಗದ ಮೇಲೆ ಬಂದಿದ್ದಾರೆ, ಆದರೆ ನಿರ್ದೇಶನ ಮತ್ತು ಅನುದಾನದ ಲೆಕ್ಕಪುಸ್ತಕ ಬೇರೆಯವರಲ್ಲೇ ಇವೆ. ಹಾಗಾಗಿ ನಾಟಕ ಸಂಘ, ಕಾಲೇಜು, ಯುವಕ ಮಂಡಲ ನಡೆಸುವವರು ಯಾರಾದರೂ ಈ ಮಾತು ಕೇಳುತ್ತಿದ್ದರೆ ಒಂದು ಕೋರಿಕೆ. ನಿಮ್ಮೂರಿನ ಪೌರಕಾರ್ಮಿಕರ ಬಗ್ಗೆಯೋ, ಅಲೆಮಾರಿಗಳ ಬಗ್ಗೆಯೋ ಮುಂದಿನ ನಾಟಕ ಮಾಡುವ ಯೋಚನೆ ಇದ್ದರೆ, ಪಾತ್ರ ಹಂಚುವ ಮೊದಲು ಅವರನ್ನು ಕರೆಯಿರಿ. ನಾಟಕ ಯಾವುದಿರಲಿ ಅಂತ ಅವರನ್ನೇ ಕೇಳಿ. ಅವರು ದುರ್ಯೋಧನನೇ ಬೇಕು ಅಂದರೆ ಗದೆ ಕೊಡಿ, ವಂತಿಗೆ ಕೇಳಬೇಡಿ.