ಸಾರನಾಥದ ಮಗ್ಗ, ನಮ್ಮ ನೂಲು



ವ್ಯಾಪಾರದಲ್ಲಿ ನಾವೀನ್ಯವೆಂದರೆ ಹೊಸ ಯಂತ್ರವನ್ನು ಕೊಳ್ಳುವುದೆಂಬ ಭ್ರಮೆ ನಮ್ಮಲ್ಲಿ ಬೇರೂರಿದೆ. ಸಾರನಾಥದ ಈ ನೆಲವನ್ನೇ ನೋಡಿ. ಕಾಶಿಯ ಮುಸಲ್ಮಾನ ನೇಕಾರರು ತಮ್ಮ ಹಳೆಯ ಕೈಮಗ್ಗದಲ್ಲಿಯೇ ಟಿಬೆಟಿನ ಬೌದ್ಧ ವಿಹಾರಗಳಿಗಾಗಿ 'ಗ್ಯಾಸರ್' ಎಂಬ ಜರತಾರಿ ವಸ್ತ್ರವನ್ನು ನೇಯುತ್ತ ಬಂದಿದ್ದಾರೆ. ಅದರ ಮೋಡ, ಡ್ರ್ಯಾಗನ್‌ಗಳನ್ನು ಅವರು ಕಲಿತದ್ದು ಗಿರಾಕಿಯ ಪೂಜಾಪೀಠವನ್ನು ಅರಿತು. ಅನ್ಯರ ಅಗತ್ಯವನ್ನು ಆದರದಿಂದ ಗಮನಿಸುವುದೇ ಸೃಜನಶೀಲತೆಯ ಮೊದಲ ಸೂತ್ರವೆಂದು ನನ್ನ ಅಭಿಮತ.

ನಮ್ಮ ಪಾಡೇನು? ರಾಮನಗರ, ಶಿಡ್ಲಘಟ್ಟಗಳ ರೇಷ್ಮೆ ಬರಿಯ ನೂಲಾಗಿ ಇಲ್ಲಿಗೆ ಬರುತ್ತದೆ. 1963ರಲ್ಲಿ ಸ್ಥಾಪಿತವಾದ ನಾಮ್‌ಡ್ರೋಲಿಂಗ್ ವಿಹಾರವಿರುವುದು ನಮ್ಮದೇ ಬೈಲುಕುಪ್ಪೆಯಲ್ಲಿ. ನೂಲು ನಮ್ಮದು, ಗಿರಾಕಿ ನಮ್ಮ ನೆರೆಯವನು. ನಡುವಣ ಕಲ್ಪನೆ ಮಾತ್ರ ಕಾಶಿಯದು!

ಆ ಕಲ್ಪನೆಗೂ ಕುತ್ತು ಬಂದಿದೆ. 2009ರಲ್ಲಿ ಬನಾರಸಿ ಜರತಾರಿಗೆ ಭೌಗೋಳಿಕ ಸೂಚಕ ದೊರೆತರೂ ವಿದ್ಯುತ್ ಮಗ್ಗದ ನಕಲು ನಿಂತಿಲ್ಲ. ಮದುವೆಯ ಸೀರೆ ಕೊಳ್ಳುವಾಗ ಕೈಮಗ್ಗದ ಮುದ್ರೆಯನ್ನು ದಯವಿಟ್ಟು ಕೇಳಿ ನೋಡಿ.