'ಸರ್ವರ್ ಡೌನ್' ಎನ್ನುವ ಮುನ್ನ



ಬ್ಯಾಂಕಿನ ಗುಮಾಸ್ತರಾದ ನಾವು ಆಗಾಗ ಆಡಬೇಕಾಗಿ ಬರುವ ಕಹಿಮಾತೊಂದಿದೆ: 'ಸರ್ವರ್ ಡೌನ್.' ಔಷಧಕ್ಕೆಂದು ಪಿಂಚಣಿ ತೆಗೆಯಬಂದ ಹಿರಿಯರು ಇದನ್ನು ಕೇಳಿ ಬರಿಗೈಯಲ್ಲಿ ಹಿಂದಿರುಗುತ್ತಾರೆ.

ಸರ್ವರೆಂದರೆ ಕೇಳಿದವರಿಗೆಲ್ಲ ಉತ್ತರ ಕೊಡುವ ಗಣಕಯಂತ್ರ. ಅದೂ ಒಂದು ಕೌಂಟರೇ. ಇಂತಹ ಸರತಿಯ ಗಣಿತಕ್ಕೆ 1909ರಲ್ಲಿ ತಳಹದಿ ಹಾಕಿದವರು ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯ ಎರ್ಲಾಂಗ್. ಅದರ ಸರಳ ಲೆಕ್ಕದಂತೆ, ಸರ್ವರು ಅರ್ಧಶಕ್ತಿಯಲ್ಲಿ ದುಡಿಯುವಾಗ ಒಂದು ಕೆಲಸಕ್ಕೆ ಬಿಡುವಿನ ವೇಳೆಯ ಎರಡು ಪಟ್ಟು ಹೊತ್ತು ಹಿಡಿದರೆ, ನೂರಕ್ಕೆ 90ರಷ್ಟು ದುಡಿಯುವಾಗ ಹತ್ತು ಪಟ್ಟು ಹಿಡಿಯುತ್ತದೆ! ಆದುದರಿಂದ ಸಂಬಳದ ದಿನದ ನೂಕುನುಗ್ಗಲನ್ನು ಅಳೆದು ಶಕ್ತಿಯನ್ನು ಮೀಸಲಿಡಬೇಕು. ಒಮ್ಮೆಲೇ ಒಳಬರುವ ಸಂಪರ್ಕಗಳಿಗೆ ಮಿತಿ ಬೇಕು; ಎಲ್ಲರೂ ಒಟ್ಟಿಗೆ ಮುತ್ತಿದರೆ ಯಾರ ಕೆಲಸವೂ ಆಗದು. ಪದೇ ಪದೇ ಹುಡುಕುವ ದಾಖಲೆಗಳಿಗೆ ಲೆಡ್ಜರಿನ ಅಕಾರಾದಿಯಂತೆ ಸೂಚಿಯೂ ಬೇಕು.

ಇನ್ನು ಭರವಸೆಯ ಮಾತು. ನೂರಕ್ಕೆ 99.9ರಷ್ಟು ಕಾಲ ನಡೆಯುವ ಸರ್ವರು ಕೂಡ ವರ್ಷಕ್ಕೆ ಸುಮಾರು 8 ಗಂಟೆ 45 ನಿಮಿಷ ನಿಂತಿರುತ್ತದೆ. 99.99 ಆದರೆ ಸುಮಾರು 53 ನಿಮಿಷ ಮಾತ್ರ. ಈ ಅಂತರಕ್ಕಾಗಿಯೇ ಜೋಡಿ ಯಂತ್ರ, ಬೇರೆ ಊರಿನಲ್ಲಿ ಲೆಕ್ಕದ ಪ್ರತಿ. ಆದರೆ ಆ ಪ್ರತಿಯಿಂದ ಲೆಕ್ಕವನ್ನು ಮರಳಿ ತೆರೆದು ನೋಡಿರದಿದ್ದರೆ ಅದನ್ನು ನಂಬಲಾಗದು.

ನಮ್ಮ ಸಂಘದ ತರುಣರಲ್ಲಿ ಈ ವೃತ್ತಿಯವರು ಇದ್ದರೆ ಅವರಿಗೆ ನಮ್ಮದೊಂದು ವಿನಂತಿ: ಒಮ್ಮೆಗೆ ಒಂದೇ ಬದಲಾವಣೆ ಮಾಡಿರಿ, ಮೊದಲೂ ಅನಂತರವೂ ಅಳೆಯಿರಿ, ಏನನ್ನು ಏಕೆ ಬದಲಿಸಿದಿರೆಂದು ಬರೆದಿಡಿರಿ. ರುಜುವಿಲ್ಲದ ತಿದ್ದುಪಡಿ ಲೆಡ್ಜರಿಗೂ ಸಲ್ಲದು, ಸರ್ವರಿಗೂ ಸಲ್ಲದು.