ವೃದ್ಧಿಕಾರಕ ಪ್ರೋಟೀನು ಮತ್ತು ಆಕರಕೋಶ ದಾನ



ಥಾಣೆ, ಡೊಂಬಿವಲಿ, ಕಲ್ಯಾಣ ಹಾಗೂ ನವಿ ಮುಂಬಯಿಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ರಕ್ತದಾನವೆಂಬುದು ಹೊಸ ಮಾತಲ್ಲ. ಆದರೆ ಮನೆಯಲ್ಲೊಬ್ಬರಿಗೆ ರಕ್ತದ ಕ್ಯಾನ್ಸರ್ ಬಂದು, ಒಡಹುಟ್ಟಿದವರ ಆಕರಕೋಶಗಳು ಬೇಕಾಗುತ್ತವೆಂದು ವೈದ್ಯರು ತಿಳಿಸಿದಾಗ ಮನೆಮಂದಿಯೆಲ್ಲ ಬೆದರುವುದುಂಟು. ಮೂಳೆಯನ್ನು ಕೊರೆಯುತ್ತಾರೆಯೇ, ದಾನಿಯು ಶಾಶ್ವತವಾಗಿ ದುರ್ಬಲನಾಗುವನೇ ಎಂಬ ಶಂಕೆಗಳು ಏಳುತ್ತವೆ. ಇಂತಹ ದಾನವನ್ನು ಬಹುಮಟ್ಟಿಗೆ ಸುಗಮಗೊಳಿಸಿರುವ ಒಂದು ಪ್ರೋಟೀನಿನ ವಿಚಾರವನ್ನು ತಮ್ಮ ಮುಂದಿಡಬಯಸುತ್ತೇನೆ.

ನಮ್ಮ ಮೂಳೆಗಳೊಳಗಿನ ಮಜ್ಜೆಯಲ್ಲಿ ಆಕರಕೋಶಗಳಿವೆ. ಸ್ಟೆಮ್ ಸೆಲ್ ಎನ್ನುವುದು ಇಂತಹ ಕೋಶಗಳನ್ನೇ. ಕೆಂಪು ಕಣ, ಬಿಳಿ ಕಣ, ಪ್ಲೇಟ್‌ಲೆಟ್ ಇವೆಲ್ಲವೂ ಇವುಗಳಿಂದಲೇ ಹುಟ್ಟುತ್ತವೆ. ಯಾವ ಕಣ ಎಷ್ಟು ಹುಟ್ಟಬೇಕೆಂಬುದನ್ನು ನಿಯಂತ್ರಿಸುವ ಪ್ರೋಟೀನುಗಳಿಗೆ ವೃದ್ಧಿಕಾರಕಗಳೆಂದು ಹೆಸರು. ಅವುಗಳಲ್ಲೊಂದು ಜಿ-ಸಿಎಸ್‌ಎಫ್. ಸೋಂಕು ತಗಲಿದಾಗ ಇದರ ಪ್ರಮಾಣವೇರಿ, ಬಿಳಿ ಕಣಗಳ ಉತ್ಪತ್ತಿ ಹೆಚ್ಚುತ್ತದೆ.

ದೇಹದಲ್ಲಿ ಇದರ ಪ್ರಮಾಣ ಅತ್ಯಲ್ಪವಾದುದರಿಂದ ಔಷಧಕ್ಕೆ ಸಾಲುವಷ್ಟನ್ನು ಅಲ್ಲಿಂದ ಪಡೆಯುವುದು ಸಾಧ್ಯವಿರಲಿಲ್ಲ. 1986ರಲ್ಲಿ ವಿಜ್ಞಾನಿಗಳು ಇದರ ಮಾನವ ವಂಶವಾಹಿಯನ್ನು ಪ್ರತ್ಯೇಕಿಸಿದರು. ಆ ವಂಶವಾಹಿಯನ್ನು ಇ. ಕೋಲೈ ಎಂಬ ಬ್ಯಾಕ್ಟೀರಿಯದೊಳಗೆ ಸೇರಿಸಿ, ಬ್ಯಾಕ್ಟೀರಿಯವನ್ನು ದೊಡ್ಡ ತೊಟ್ಟಿಗಳಲ್ಲಿ ಬೆಳೆಸಿದರೆ ಅದು ಮಾನವ ಪ್ರೋಟೀನನ್ನೇ ತಯಾರಿಸಿಕೊಡುತ್ತದೆ. ಅದನ್ನು ಬೇರ್ಪಡಿಸಿ ಶುದ್ಧಗೊಳಿಸುತ್ತಾರೆ. ಹೀಗೆ ದೊರೆತುದೇ ಪುನಸ್ಸಂಯೋಜಿತ ಪ್ರೋಟೀನು. ಫಿಲ್‌ಗ್ರಾಸ್ಟಿಮ್ ಎಂಬ ಹೆಸರಿನ ಈ ಔಷಧಕ್ಕೆ 1991ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು.

ಈ ವಿದ್ಯೆ ನಮಗೆ ದೂರದ್ದೇನಲ್ಲ. ಥಾಣೆ-ಬೇಲಾಪುರ ರಸ್ತೆಯ ರಬಾಳೆಯಲ್ಲಿ ಕೇಂದ್ರವನ್ನು ಹೊಂದಿರುವ ರಿಲಯನ್ಸ್ ಲೈಫ್ ಸೈನ್ಸಸ್ ಸಂಸ್ಥೆಯ ಫಿಲ್‌ಗ್ರಾಸ್ಟಿಮ್‌ಗೆ 2008ರಲ್ಲಿ ಭಾರತದಲ್ಲಿ ಅನುಮತಿ ದೊರೆಯಿತು. ನವಿ ಮುಂಬಯಿಯ ಖಾರ್‌ಘರ್‌ನಲ್ಲಿ ಟಾಟಾ ಸ್ಮಾರಕ ಕೇಂದ್ರದ ಆ್ಯಕ್ಟ್ರೆಕ್ ಸಂಸ್ಥೆಯಿದೆ. ದೇಶದ ಮೊದಲ ಯಶಸ್ವಿ ಅಸ್ಥಿಮಜ್ಜೆ ಕಸಿಯು 1983ರಲ್ಲಿ ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ನಡೆಯಿತು. 2007ರಲ್ಲಿ ಆ ಕಸಿ ವಿಭಾಗವು ಖಾರ್‌ಘರ್‌ಗೆ ಬಂದಿತು.

ಇನ್ನು ದಾನದ ಕ್ರಮವನ್ನು ನೋಡೋಣ. ಒಡಹುಟ್ಟಿದವರ ಅಂಗಾಂಶ ಮಾದರಿ ರೋಗಿಗೆ ಪೂರ್ಣವಾಗಿ ಹೊಂದುವ ಸಂಭವ ನಾಲ್ಕರಲ್ಲಿ ಒಂದು. ಹೊಂದಿದವರಿಗೆ ನಾಲ್ಕೈದು ದಿನ ಈ ಪ್ರೋಟೀನಿನ ಚುಚ್ಚುಮದ್ದನ್ನು ಚರ್ಮದಡಿ ಕೊಡುತ್ತಾರೆ. ಮಜ್ಜೆಯಲ್ಲಿ ಆಕರಕೋಶಗಳನ್ನು ಹಿಡಿದಿಟ್ಟಿರುವ ಬಂಧ ಆಗ ಸಡಿಲಗೊಂಡು, ಅವು ರಕ್ತಕ್ಕೆ ಇಳಿಯುತ್ತವೆ. ಬಳಿಕ ತೋಳಿನ ರಕ್ತನಾಳದಿಂದ ರಕ್ತವನ್ನು ಯಂತ್ರಕ್ಕೆ ಹಾಯಿಸಿ, ಬೇಕಾದ ಕೋಶಗಳನ್ನು ಆಯ್ದುಕೊಂಡು, ಉಳಿದ ರಕ್ತವನ್ನು ಮರಳಿ ದಾನಿಗೇ ಸೇರಿಸುತ್ತಾರೆ. ಇದಕ್ಕೆ ಕೆಲವು ಗಂಟೆಗಳು ಸಾಕು. ಚುಚ್ಚುಮದ್ದಿನ ದಿನಗಳಲ್ಲಿ ಮೂಳೆನೋವು, ತಲೆನೋವು ಸಾಮಾನ್ಯ; ಅವು ಬೇಗನೆ ಶಮನವಾಗುತ್ತವೆ. ಅತಿ ವಿರಳವಾಗಿ ಗುಲ್ಮಕ್ಕೆ ತೊಂದರೆಯಾಗಬಹುದಾದ ಕಾರಣ ದಾನಿಯನ್ನು ವೈದ್ಯರು ಮೊದಲೇ ಪರೀಕ್ಷಿಸುತ್ತಾರೆ. ಕೆಲವು ರೋಗಗಳಲ್ಲಿ ಮಜ್ಜೆಯನ್ನೇ ತೆಗೆಯಬೇಕಾದೀತು. ಅದೂ ಅರಿವಳಿಕೆ ಕೊಟ್ಟೇ. ದಾನವಿತ್ತ ಕೋಶಗಳನ್ನು ದೇಹವು ಮತ್ತೆ ತುಂಬಿಕೊಳ್ಳುತ್ತದೆ.

ಆಕರಕೋಶದ ಹೆಸರಿನಲ್ಲಿ ಹೇಳುವುದೆಲ್ಲವೂ ಇಷ್ಟು ಸಿದ್ಧವಾದ ಚಿಕಿತ್ಸೆಯಲ್ಲ ಎಂಬುದನ್ನೂ ಇಲ್ಲಿ ಸ್ಪಷ್ಟಪಡಿಸಬೇಕು. ಪ್ರಯೋಗಾಲಯಗಳಲ್ಲಿ ಬೇರೆ ವೃದ್ಧಿಕಾರಕಗಳ ನೆರವಿನಿಂದ ಆಕರಕೋಶಗಳನ್ನು ಬೆಳೆಸಿ ನರ, ಹೃದಯ ಮುಂತಾದ ಅಂಗಗಳ ಕೋಶಗಳನ್ನಾಗಿ ಮಾರ್ಪಡಿಸುವ ಸಂಶೋಧನೆ ನಡೆದಿದೆ. ಅದು ಭರವಸೆಯ ಕ್ಷೇತ್ರ. ಆದರೆ ಸಂಶೋಧನೆ ಬೇರೆ, ಚಿಕಿತ್ಸೆ ಬೇರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆಗಳು 2017ರಲ್ಲಿ ಹೊರಡಿಸಿದ ರಾಷ್ಟ್ರೀಯ ಮಾರ್ಗಸೂಚಿಯು ರಕ್ತಸಂಬಂಧಿ ರೋಗಗಳಿಗೆ ಮಾಡುವ ಆಕರಕೋಶ ಕಸಿಯನ್ನಷ್ಟೇ ಅಂಗೀಕೃತ ಚಿಕಿತ್ಸೆಯೆಂದು ಪರಿಗಣಿಸಿತು. ಉಳಿದವನ್ನು ಅನುಮೋದಿತ ಪ್ರಯೋಗಗಳಲ್ಲಿ ಮಾತ್ರ ನಡೆಸಬೇಕೆಂದು ವಿಧಿಸಿತು. ಆದ್ದರಿಂದ ಪಾರ್ಶ್ವವಾಯುವಿಗಾಗಲಿ ಮಂಡಿನೋವಿಗಾಗಲಿ ಆಕರಕೋಶದ ಚುಚ್ಚುಮದ್ದು ಕೊಡುತ್ತೇವೆಂದು ಯಾರಾದರೂ ಜಾಹೀರಾತು ನೀಡಿದರೆ, ಒಡವೆ ಅಡವಿಡುವ ಮುನ್ನ ಎರಡು ಪ್ರಶ್ನೆ ಕೇಳಿರಿ: ಇದು ಅನುಮತಿ ಪಡೆದ ಚಿಕಿತ್ಸೆಯೇ? ಪ್ರಯೋಗವಾದರೆ, ಭಾರತದ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿಯಲ್ಲಿ ಇದರ ನೋಂದಣಿ ಸಂಖ್ಯೆ ಯಾವುದು?

ಅನಗತ್ಯ ಭಯದಿಂದ ದಾನಿಯೊಬ್ಬ ಹಿಂದೆಗೆದರೆ ಒಂದು ಜೀವಕ್ಕೆ ಸಂಚಕಾರ. ಅತಿಯಾದ ಆಸೆಯಿಂದ ಕುಟುಂಬವೊಂದು ಮೋಸಹೋದರೆ ಅದರ ಬಾಳಿಗೇ ಸಂಚಕಾರ. ಇವೆರಡನ್ನೂ ತಪ್ಪಿಸುವ ಉಪಾಯ ಸರಿಯಾದ ತಿಳಿವಳಿಕೆಯೊಂದೇ. ತಾವು ಅರಿತುದನ್ನು ನೆರೆಹೊರೆಯವರಿಗೂ ತಿಳಿಸಬೇಕೆಂದು ವಿನಂತಿಸುತ್ತೇನೆ.